ಗಿಡ ಸತ್ತದ್ದು ಚಳಿಗಲ್ಲ

ಪ್ರಶ್ನೆ: ಸ್ಕಾಟ್ಲೆಂಡಿನ ಅಬರ್ಡೀನ್ ಹೊರಗೆ ಗುಡ್ಡದ ನೆತ್ತಿಯ ಮೇಲೆ ನಮ್ಮ ಮನೆ. ಕಡಲ ಗಾಳಿಗೆ ತಡೆಯೇ ಇಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಗಂಟೆಹೂವಿನ (ಕ್ಯಾಂಪಾನುಲಾ) ಆರು ಗಿಡ ನೆಟ್ಟು, ಚಳಿ ತಾಗದಿರಲೆಂದು ಬುಡ ಮುಚ್ಚುವಷ್ಟು ಗೊಬ್ಬರ, ದರಗು ಹೊದಿಸಿದ್ದೆ. ಮಾರ್ಚಿಗೆ ನಾಲ್ಕು ಕೊಳೆತಿದ್ದವು. ಉಳಿದೆರಡು ಎದೆಯೆತ್ತರ ಬೆಳೆದು ಜುಲೈ ಗಾಳಿಗೆ ಮಲಗಿದವು. ಈ ಊರಿಗೆ ಈ ಗಿಡ ಒಗ್ಗುವುದಿಲ್ಲವೇ?
– ತೀರ್ಥಹಳ್ಳಿ ಮೂಲದ ಓದುಗರು

ಉತ್ತರ: ಒಗ್ಗದೆ ಏನು, ಅದು ಆ ನೆಲದ್ದೇ ಗಿಡ. ಸ್ಕಾಟ್ಲೆಂಡಿನವರು ಬ್ಲೂಬೆಲ್ ಎನ್ನುವುದು ಕ್ಯಾಂಪಾನುಲಾ ರೊಟುಂಡಿಫೋಲಿಯಾವನ್ನು. (ಇಂಗ್ಲೆಂಡಿನವರ ಬ್ಲೂಬೆಲ್ ಬೇರೆ, ಅದು ಗೆಡ್ಡೆಯ ಗಿಡ.) ಆಗಸ್ಟಿನಲ್ಲಿ ಕಡಲಂಚಿನ ಹುಲ್ಲುಗಾವಲಿನಲ್ಲಿ ಬಗ್ಗಿ ನೋಡಿ. ದಂಟು ತಂತಿಯಷ್ಟು ಸಪೂರ, ಎಲೆ ಹುಲ್ಲಿನ ಹಾಗೆ. ಹೆಸರಿನಲ್ಲಿರುವ ದುಂಡೆಲೆ ಬುಡದಲ್ಲಿ ಮಾತ್ರ, ಹೂ ಬಿಡುವ ಹೊತ್ತಿಗೆ ಸಾಮಾನ್ಯವಾಗಿ ಅದೂ ಒಣಗಿರುತ್ತದೆ. ಗಾಳಿ ಬೀಸಿದರೆ ಬಾಗುತ್ತದೆ, ನಿಂತರೆ ಏಳುತ್ತದೆ.

ನಿಮ್ಮ ನಾಲ್ಕು ಗಿಡಗಳನ್ನು ಕೊಂದದ್ದು, ಬೇಸರಿಸಬೇಡಿ, ನೀವು ಹೊದಿಸಿದ ಗೊಬ್ಬರ. ತೋಟಕ್ಕೆ ಬಳಸುವ ಹೆಚ್ಚಿನ ಗಂಟೆಹೂಗಳು ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತವೆ. ಆದರೆ ಚಳಿಗಾಲದಲ್ಲಿ ಅವುಗಳ ಜೀವ ಇರುವುದು ಮಣ್ಣಿನ ಮಟ್ಟದ ಮೊಗ್ಗುಗಳಲ್ಲಿ. ಆಲ್ಪ್ಸ್‌ನಲ್ಲಿ ಹಿಮ ಅವನ್ನು ಒಣ ಹೊದಿಕೆಯಲ್ಲಿಟ್ಟಂತೆ ಕಾಯುತ್ತದೆ. ನಿಮ್ಮಲ್ಲಿ ಮಳೆ, ಹಿಮ, ಕರಗು, ಮತ್ತೆ ಹೆಪ್ಪು. ಅದರ ಮೇಲೆ ಒದ್ದೆ ದರಗು ಕೂತರೆ ಕೊಳೆಯದೆ ಇರುತ್ತದೆಯೇ? ಅಡಿಕೆ ತೋಟಕ್ಕೆ ಬಸಿಗಾಲುವೆ ಏಕೆಂದು ನಿಮಗೆ ಹೇಳಬೇಕಿಲ್ಲ. ಇಲ್ಲೂ ಅದೇ ಲೆಕ್ಕ. ಪಾತಿಯನ್ನು 15-20 ಸೆಂ.ಮೀ. ಎತ್ತರಿಸಿ. ಮಣ್ಣಿಗೆ ಮೂರನೇ ಒಂದು ಪಾಲು, ನಮ್ಮ ಬೇಬಿ ಜಲ್ಲಿಗಿಂತ ಸಣ್ಣ ಹರಳು ಬೆರೆಸಿ. ಬುಡದ ಸುತ್ತಲೂ ಅದನ್ನೇ ಎರಡು ಸೆಂ.ಮೀ. ಹರಡಿ. ನೆಡುವುದು ಸೆಪ್ಟೆಂಬರಿನಲ್ಲಲ್ಲ, ಏಪ್ರಿಲ್ ಕೊನೆಗೆ. ಬೇರು ಹಿಡಿಯಲು ಒಂದು ಬೇಸಿಗೆ ಪೂರ್ತಿ ಸಿಗಲಿ.

ಬಯಲಿಗೆ ಕುಳ್ಳನವೇ ಸರಿ. 20-30 ಸೆಂ.ಮೀ.ನ ಕಾರ್ಪಾಟಿಕಾ ಎಂಬ ಗಂಟೆಹೂ ಜಾತಿ ಗುಪ್ಪೆಯಾಗಿ ಕೂರುತ್ತದೆ. ಕಲ್ಲುಗೋಡೆ ಇದ್ದರೆ ಸಂದಿಗೆ ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿ ಕಡೆಯ ಪೋರ್ಟೆನ್‌ಶ್ಲಾಗಿಯಾನಾ. ನನಗೆ ಹೆಚ್ಚು ಪ್ರೀತಿ ಕೊಕ್ಲಿಯರಿಫೋಲಿಯಾ ಮೇಲೆ. ಗೇಣೂ ಇಲ್ಲದ ಗಿಡ, ಕಲ್ಲಿನಡಿ ನುಸುಳಿ ಆಚೆ ಬದಿಯಲ್ಲಿ ತಲೆ ಎತ್ತುತ್ತದೆ.

ಮಲಗಿದ ಎರಡು ಬಹುಶಃ ಲ್ಯಾಕ್ಟಿಫ್ಲೋರಾ. ಮೇ ಕೊನೆಗೆ ದಂಟನ್ನು ಮೂರನೇ ಒಂದು ಪಾಲು ಚಿವುಟಿ. ಹೂ ತಡವಾದರೂ ಗಿಡ ಗಿಡ್ಡವಾಗಿ ನಿಲ್ಲುತ್ತದೆ. ಗಾಳಿ ತಡೆಯಲೆಂದು ಗೋಡೆ ಕಟ್ಟಿಸಬೇಡಿ, ಅದನ್ನು ಹಾರಿದ ಗಾಳಿ ಒಳಗೆ ಸುಳಿಯಾಗಿ ಬೀಳುತ್ತದೆ. ಅರ್ಧ ಗಾಳಿ ಸೋಸಿಬಿಡುವ ಬೇಲಿಗಿಡ ತನ್ನೆತ್ತರದ ಹತ್ತರಷ್ಟು ದೂರದವರೆಗೆ ಆಸರೆಯಾದೀತು.

ವಸಂತದಲ್ಲಿ ಚಿಗುರು ಒಡೆದಾಗ ರಾತ್ರಿ ಟಾರ್ಚ್ ಹಿಡಿದು ಸಿಂಬಳದ ಹುಳು ಹೆಕ್ಕಿ. ಕೊಳ್ಳುವಾಗ ಚೀಟಿಯನ್ನೂ ಓದಿ. ‘ಮೀಡಿಯಂ’ ಎಂದಿದ್ದರೆ ಅದು ಗಾತ್ರವಲ್ಲ, ಜಾತಿಯ ಹೆಸರು. ಅದು ಎರಡನೇ ವರ್ಷ ಹೂಬಿಟ್ಟು ಸಾಯುವ ಗಿಡ. ಅದಕ್ಕೆ ಅಬರ್ಡೀನಿನ ಗಾಳಿಯನ್ನು ಬೈಯಬೇಡಿ.