ಅಪ್ಪ-ಅಮ್ಮನ ಜೊತೆ ಒಂದು ರಾತ್ರಿ: ಗಾಳಿಬೋರೆ ನೋಡಿ

ಡಿಜೆ ಗಲಾಟೆ ಇಲ್ಲದ, ಕಾಡಿಗೆ ತೊಂದರೆ ಕೊಡದ ಜಾಗ ಬೆಂಗಳೂರಿನ ಹತ್ತಿರ ಇದೆಯಾ ಅಂತ ಕೇಳಿದ್ದೀರಿ. ಗಾಳಿಬೋರೆಗೆ ಹೋಗಿ. ಕನಕಪುರ ದಾಟಿ, ಅರ್ಕಾವತಿ ಕಾವೇರಿಗೆ ಸೇರುವ ಸಂಗಮದ ಆಚೆ, ಸುಮಾರು 100 ಕಿ.ಮೀ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ನಡೆಸುವ ಶಿಬಿರ. ಹೊಳೆ ದಡದಲ್ಲೇ ಟೆಂಟು.

ನನಗೆ ಅಲ್ಲಿ ತುಂಬಾ ಇಷ್ಟವಾಗಿದ್ದು ಹೊಳೆಮತ್ತಿ ಮರಗಳು. ಬೆಳಿಗ್ಗೆ ಕೆಳಗೆ ಸುಮ್ನೆ ಕೂತಿದ್ದೆ. ಮೇಲೆ ಎಲೆ ಅಲ್ಲಾಡಿತು. ನೋಡಿದರೆ ಬೂದು ಬಣ್ಣದ ದೊಡ್ಡ ಅಳಿಲು, ಉದ್ದ ಬಾಲ ಇಳಿಬಿಟ್ಟು ಕಾಯಿ ಕಡಿಯುತ್ತಿತ್ತು. ಕರ್ನಾಟಕದಲ್ಲಿ ಅದು ಈ ಕಾವೇರಿ ದಡದ ಕಾಡಿನಲ್ಲೇ ಜಾಸ್ತಿ ಕಾಣುವುದು.

ಸಂಗಮದಿಂದ ಮುಂದೆ ಮಣ್ಣಿನ ದಾರಿ, ಕುಲುಕಾಟ ಇದೆ. ಹಿರಿಯರಿದ್ದಾರಲ್ವಾ, ನಿಧಾನಕ್ಕೆ ಹೋಗಿ, ಕತ್ತಲಾಗುವ ಮೊದಲೇ ತಲುಪಿ. ಹೊಳೆಯಲ್ಲಿ ಮೊಸಳೆಗಳಿವೆ, ಮಕ್ಕಳನ್ನು ನೀರಿಗೆ ಬಿಡಬೇಡಿ.