ಸಿಡಿ-ಆರ್‌ಡಬ್ಲ್ಯೂ ಡಿಸ್ಕ್‌ಗಳಲ್ಲಿ ಮನೆಯ ಫೋಟೊ, ಧ್ವನಿಮುದ್ರಣಗಳನ್ನು ಕಾಪಿಡಬಹುದೇ?

ಹಳೆಯ ಪೆಟ್ಟಿಗೆಯಲ್ಲಿ ಇಪ್ಪತ್ತು ಸಿಡಿ-ಆರ್‌ಡಬ್ಲ್ಯೂಗಳು ಸಿಕ್ಕಿವೆ, ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ಮನೆಯ ಫೋಟೊಗಳನ್ನು ಅವುಗಳಲ್ಲಿಯೇ ಇಡಬಹುದಲ್ಲವೇ, ಎಷ್ಟು ಸಲ ಬರೆಯಬಹುದು ಎಂದು ಕೇಳಿದ್ದೀರಿ. 2005ರಲ್ಲಿ ನಾನೂ ಹೀಗೆಯೇ ಯೋಚಿಸಿದ್ದೆ.

ನಮ್ಮ ಮನೆ ಭಾಗಮಂಡಲದ ಕಡೆ. ಅಜ್ಜಿ ಅರೆಭಾಷೆಯಲ್ಲಿ ಸೋಬಾನೆ ಹೇಳುತ್ತಿದ್ದುದನ್ನು ಚಿಕ್ಕಪ್ಪ ಒಂದು ಕ್ಯಾಸೆಟ್‌ನಲ್ಲಿ ತುಂಬಿಸಿಟ್ಟಿದ್ದರು. ಅಜ್ಜಿ ತೀರಿಕೊಂಡ ಮೇಲೆ ಅದನ್ನು ತೆಗೆದು ನೋಡಿದರೆ ಮಳೆಗಾಲದ ಶೀತಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಹತ್ತಿಯಿಂದ ಮೆಲ್ಲಗೆ ಒರೆಸಿ, ಕಂಪ್ಯೂಟರಿಗೆ ಜೋಡಿಸಿ, 45 ನಿಮಿಷಗಳ ಹಾಡನ್ನು ಇಳಿಸಿಕೊಂಡೆ. ಪದದ ನಡುವೆ ಅಜ್ಜಿ ಉಸಿರು ತೆಗೆದುಕೊಳ್ಳುವುದು, ಹಿಂದಿನಿಂದ ಹಂಚಿನ ಮೇಲೆ ಮಳೆ ಬೀಳುವುದು ಎಲ್ಲವೂ ಕೇಳುತ್ತಿತ್ತು. ಸುಮಾರು 450 ಎಂಬಿಯ ಆ ಕಡತವನ್ನು ಒಂದು ಸಿಡಿ-ಆರ್‌ಡಬ್ಲ್ಯೂಗೆ ಹಾಕಿ, 20 ಜಿಬಿಯ ಹಾರ್ಡ್ ಡಿಸ್ಕ್ ತುಂಬಿಹೋಗಿದ್ದರಿಂದ ಅಲ್ಲಿದ್ದ ಪ್ರತಿಯನ್ನು ಅಳಿಸಿದೆ. ಕ್ಯಾಸೆಟ್ಟನ್ನು ಎಸೆದೆವು.

ಫ್ಲಾಪಿಯಂತೆ ಕಡತಗಳನ್ನು ಎಳೆದು ಹಾಕುವ ಪ್ಯಾಕೆಟ್ ರೈಟಿಂಗ್ ವಿಧಾನದಲ್ಲಿ ನಾನು ಆ ಡಿಸ್ಕನ್ನು ಬಳಸುತ್ತಿದ್ದೆ. ಹಾಗೆ ಫಾರ್ಮ್ಯಾಟ್ ಮಾಡಿದರೆ 650 ಎಂಬಿಯ ಡಿಸ್ಕ್‌ನಲ್ಲಿ ಸುಮಾರು 530 ಎಂಬಿ ಮಾತ್ರ ಉಳಿಯುತ್ತದೆ. ಅದರಲ್ಲಿ ಹಾಡು ಹೋಗಿ ಉಳಿದ ಜಾಗವನ್ನೂ ಬಿಡಬಾರದೆಂದು ಜುಲೈ ತಿಂಗಳ ಒಂದು ಸಂಜೆ ತಂಗಿಯ ಮದುವೆಯ ಫೋಟೊಗಳನ್ನು ಅದಕ್ಕೇ ಸೇರಿಸಲು ಹೊರಟೆ. ಡ್ರೈವ್‌ನ ದೀಪ ಮಿನುಗುತ್ತಿರುವಾಗಲೇ ಕರೆಂಟು ಹೋಯಿತು. ಜುಲೈಯಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟು ಹೋಗುವುದು ಹೊಸದಲ್ಲ, ಆದರೂ ಮನೆಯಲ್ಲಿ ಯುಪಿಎಸ್ ಇರಲಿಲ್ಲ.

ಕರೆಂಟು ಮರಳಿದಾಗ ಸಾಫ್ಟ್‌ವೇರು, ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಅಳಿಸಿ ಸಿದ್ಧಗೊಳಿಸಲೇ ಎಂದು ಕೇಳಿತು. ನನ್ನ ತಪ್ಪು ನಡೆದದ್ದು ಇಲ್ಲಿ. ಇದನ್ನು ಬಿಡಿಸಿ ಹೇಳಲೇಬೇಕು. ಕರೆಂಟು ಹೋದಾಗ ಹಾಳಾದದ್ದು ಯಾವ ಕಡತ ಎಲ್ಲಿದೆ ಎಂದು ಬರೆದಿಟ್ಟ ಸೂಚಿ ಮಾತ್ರ. ಪುಸ್ತಕದ ಪರಿವಿಡಿ ಹರಿದರೆ ಒಳಗಿನ ಪುಟಗಳು ಹೋಗುವುದಿಲ್ಲವಲ್ಲ, ಹಾಗೆಯೇ ಅಜ್ಜಿಯ ಹಾಡು ಡಿಸ್ಕ್‌ನಲ್ಲಿ ಇದ್ದೇ ಇತ್ತು. ಅಳಿಸುವುದರಲ್ಲಿಯೂ ಎರಡು ಬಗೆ. ಕ್ವಿಕ್ ಎಂಬುದರಲ್ಲಿ ಸೂಚಿ ಮಾತ್ರ ಹೋಗುತ್ತದೆ. ಫುಲ್ ಎಂಬುದರಲ್ಲಿ ಲೇಸರ್ ಕಿರಣವು ಒಳಗಿನ ಸುತ್ತಿನಿಂದ ಅಂಚಿನವರೆಗೆ ಸಾಗಿ ಎಲ್ಲವನ್ನೂ ಅಳಿಸುತ್ತದೆ: ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಲೂರಿಯಂ ಬೆರೆತ ಆ ಪದರದ ಮೇಲೆ ಬರೆಯುವಾಗ ಅದು 500ರಿಂದ 700 ಡಿಗ್ರಿಗೆ ಕರಗಿ ತಟ್ಟನೆ ತಣಿದು ಗುರುತುಗಳಾಗಿರುತ್ತದೆ, ಅಳಿಸುವಾಗ ಸುಮಾರು 200 ಡಿಗ್ರಿಗೆ ಕಾಯ್ದು ಮತ್ತೆ ಹರಳುಗಟ್ಟಿ ಗುರುತುಗಳೇ ಇಲ್ಲವಾಗುತ್ತವೆ. ಫುಲ್ ಎಂದರೆ ಹೆಚ್ಚು ಅಚ್ಚುಕಟ್ಟು ಎಂದು ತಿಳಿದು ನಾನು ಅದನ್ನೇ ಒತ್ತಿದೆ. 4ಎಕ್ಸ್ ವೇಗದ ಡಿಸ್ಕ್, ಎಂದರೆ ಹಾಡಿನ ಸಿಡಿ ನುಡಿಯುವ ವೇಗದ ನಾಲ್ಕು ಪಟ್ಟು. ಇಪ್ಪತ್ತು ನಿಮಿಷ ಹಿಡಿಯಿತು. ನಡುವೆ ನಿಲ್ಲಿಸಿದ್ದರೂ ಅರ್ಧವಾದರೂ ಉಳಿಯುತ್ತಿತ್ತೇನೋ, ಆದರೆ ನಾನು ಅಡುಗೆಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದೆ. ಒಂದು ವಾರದ ಬಳಿಕ ಸ್ನೇಹಿತರೊಬ್ಬರು ಐಸೊಬಸ್ಟರ್ ಎಂಬ ತಂತ್ರಾಂಶದಿಂದ, ಸೂಚಿ ಕೆಟ್ಟ ಡಿಸ್ಕ್‌ಗಳ ಕಡತಗಳನ್ನು ಎತ್ತಬಹುದೆಂದು ತೋರಿಸಿದರು. ನನ್ನ ಡಿಸ್ಕ್‌ನಲ್ಲಿ ಎತ್ತಲು ಏನೂ ಇರಲಿಲ್ಲ.

ಆದ್ದರಿಂದ, ಎಷ್ಟು ಸಲ ಬರೆಯಬಹುದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸುಮಾರು 1000 ಸಲ ಎನ್ನುತ್ತಾರೆ, ಅದು ನಿಜವೂ ಹೌದು. ಆದರೆ ಮತ್ತೆ ಬಾರದ ವಸ್ತುವಿಗೆ ಅಳಿಸಲು ಬರುವುದೇ ದೊಡ್ಡ ದೋಷ. ಮಡಿಕೇರಿಯ ಅಂಗಡಿಗೆ ಒಂದು ವಿನ್ಯಾಸವನ್ನು ಒಯ್ದು ಅಚ್ಚು ಹಾಕಿಸಿಕೊಂಡು ಬರಲು ಈ ಡಿಸ್ಕ್ ಆಗಬಹುದು. ಕಾಪಿಡಲು ಡಿಸ್ಕೇ ಬೇಕೆಂದಿದ್ದರೆ ಒಮ್ಮೆ ಮಾತ್ರ ಬರೆಯುವ ಸಿಡಿ-ಆರ್ ತೆಗೆದುಕೊಳ್ಳಿ, ಎಲ್ಲವನ್ನೂ ಒಂದೇ ಸಲ ಬರೆದು, ಮತ್ತೆ ಏನನ್ನೂ ಸೇರಿಸಲಾಗದಂತೆ ಮುಚ್ಚಿ, ಅದರಿಂದ ಮತ್ತೆ ಓದಿ ಪರೀಕ್ಷಿಸಿ. ಮತ್ತೊಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ, ಅದೂ ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ. ಗೋಡೆಗೆ ತಾಗಿದ ಅಲಮಾರಿ ನಮ್ಮ ಜಿಲ್ಲೆಯ ಮಳೆಗಾಲಕ್ಕೆ ಆಗದು. ಒಲೆಯ ಮೇಲಿನ ಅಟ್ಟ ಬೀಜಕ್ಕೆ ಸರಿ, ಡಿಸ್ಕ್‌ಗೆ ಆ ಬಿಸಿ ಬೇಡ.

ನಿಮ್ಮ ಇಪ್ಪತ್ತು ಡಿಸ್ಕ್‌ಗಳಿಗೆ ಸದ್ಯ ಏನನ್ನೂ ಬರೆಯದೆ, ಇರುವುದನ್ನೆಲ್ಲ ಮೊದಲು ನಕಲು ಮಾಡಿಕೊಳ್ಳಿ. ಮಾಮೂಲಿ ಸಿಡಿ ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಸುಮಾರು 70 ಭಾಗವನ್ನು ಮರಳಿಸಿದರೆ ಇವು 15ರಿಂದ 25 ಭಾಗ ಮಾತ್ರ ಮರಳಿಸುತ್ತವೆ. ಹೀಗಾಗಿ ಒಂದು ಡ್ರೈವ್ ಓದದಿದ್ದರೆ ಮತ್ತೊಂದರಲ್ಲಿ ಹಾಕಿ ನೋಡಿ. ಯಾವುದಾದರೂ ಖಾಲಿ ಎಂದು ತೋರಿಸಿದರೆ ನಂಬಬೇಡಿ. ಅದರ ಅಡಿಭಾಗವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ: ನಡುವಿನಿಂದ ಒಂದು ದೂರದವರೆಗೆ ಬಣ್ಣ ತುಸು ಬೇರೆಯಾಗಿ, ಉಂಗುರದಂಥ ಗಡಿ ಕಂಡರೆ ಅಲ್ಲಿ ಯಾರೋ ಏನೋ ಬರೆದಿಟ್ಟಿದ್ದಾರೆ. ಅದನ್ನು ಬೇರೆ ತೆಗೆದಿಡಿ.