ಸದ್ದಿಲ್ಲದೆಯೂ ಹಲ್ಲು ಕಚ್ಚುತ್ತಿರಬಹುದು

ಬೆಳಿಗ್ಗೆ ಎದ್ದಾಗ ದವಡೆ ನೋವು, ಆದರೆ ಪಕ್ಕದಲ್ಲಿ ಮಲಗುವವರಿಗೆ ಹಲ್ಲು ಕಡಿಯುವ ಸದ್ದು ಕೇಳಿಸಿಲ್ಲ, ಹಾಗಾದರೆ ಬೇರೇನಾದರೂ ಇರಬಹುದಾ ಅಂತ ಕೇಳಿದ್ದೀರಿ. ಸದ್ದಿಲ್ಲ ಅಂದ ಮಾತ್ರಕ್ಕೆ ನಿದ್ದೆಯಲ್ಲಿ ಹಲ್ಲು ಕಚ್ಚುತ್ತಿರಬಹುದು ಅನ್ನುವ ಅನುಮಾನ ಬಿಡಬೇಡಿ. ಹಲ್ಲು ಮಸೆದರೆ ಕರಕರ ಅನ್ನುತ್ತದೆ. ಸುಮ್ನೆ ಬಿಗಿಯಾಗಿ ಕಚ್ಚಿ ಹಿಡಿದರೆ ಏನೂ ಕೇಳಿಸುವುದಿಲ್ಲ.

ನಾಳೆ ಎದ್ದ ಕೂಡಲೇ ಕನ್ನಡಿ ಮುಂದೆ ನಿಂತು ನೋಡಿ. ಕೆನ್ನೆಯ ಒಳಗಡೆ, ಮೇಲಿನ ಕೆಳಗಿನ ಹಲ್ಲು ಸೇರುವ ಮಟ್ಟದಲ್ಲಿ, ಉದ್ದಕ್ಕೆ ಬಿಳಿ ಗೆರೆ ಇದೆಯಾ? ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಬಿದ್ದಿದೆಯಾ? ಆಮೇಲೆ ದವಡೆಯ ಮೂಲೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ. ಗಟ್ಟಿಯಾಗಿ ಉಬ್ಬುತ್ತಲ್ಲ, ಆ ಸ್ನಾಯುವನ್ನು ಒತ್ತಿದರೆ ನೋವಾಗುತ್ತಾ? ಇವೆಲ್ಲ ಸುಳಿವು ಅಷ್ಟೆ. ಬಿಳಿ ಗೆರೆ ಏನೂ ತೊಂದರೆ ಇಲ್ಲದವರಲ್ಲೂ ಇರುತ್ತದೆ. ಆದರೆ ಬೆಳಿಗ್ಗೆ ಜಾಸ್ತಿ ಇದ್ದು ಹೊತ್ತೇರಿದಂತೆ ಇಳಿಯುವ ನೋವು, ಹಣೆಯ ಎರಡೂ ಪಕ್ಕ ತಲೆನೋವು, ತಣ್ಣನೆಯದು ತಾಗಿದರೆ ಜುಮ್ ಅನ್ನುವ ಹಲ್ಲು, ಇವೂ ಜೊತೆಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಮುಂದಿನದು ದಂತವೈದ್ಯರ ಕೆಲಸ. ಅವರು ಸವೆತ, ಬಿರುಕು ಹುಡುಕುತ್ತಾರೆ. ಸವೆತ ಹಳೆಯದೂ ಆಗಿರಬಹುದು, ಅದೊಂದನ್ನೇ ನೋಡಿ ಗಾಬರಿ ಬೇಡ. ನೈಟ್ ಗಾರ್ಡ್ (ರಾತ್ರಿ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ) ಕೊಟ್ಟರೆ ಅದು ಹಲ್ಲನ್ನು ಕಾಪಾಡುತ್ತದೆ, ಕಚ್ಚುವ ಅಭ್ಯಾಸವನ್ನು ಬಿಡಿಸುವುದಿಲ್ಲ. ಜೋರು ಗೊರಕೆ ಇದ್ದರೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವು ಮಾತ್ರೆಗಳಿಂದ ಹೀಗಾಗುವುದುಂಟು. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬಾಯಿ ತೆರೆಯುವಾಗ ದವಡೆ ಸಿಕ್ಕಿಕೊಳ್ಳುತ್ತಿದ್ದರೆ ತಡ ಮಾಡದೆ ತೋರಿಸಿ.